ನಿರಿಗೆ ಹಿಡಿಯುವ ಕೈ

ಬೆಲ್ಲದ ಬಾಗೇವಾಡಿ
೧೨ ಆಗಸ್ಟ್ ೨೦೨೫

ಮಗಳು ರಾಧಿಕಾಳಿಗೆ ಅಪ್ಪನ ಆಶೀರ್ವಾದ.

ಸಾಂಗ್ಲಿಯಲ್ಲಿ ನೀನು, ಅಳಿಯಂದಿರು ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಫೋನ್ ಮಾಡಬಹುದಿತ್ತು, ಆದರೆ ನಾನು ಫೋನಿನಲ್ಲಿ ಮಾತಾಡಿದರೆ ಓಣಿಗೆಲ್ಲ ಕೇಳುತ್ತದೆ. ಅಕ್ಷರ ಸೊಟ್ಟಗಿವೆ ಎಂದು ನಗಬೇಡ, ಈ ಪೆನ್ನು ಸರಿಯಿಲ್ಲ.

ವಿಷಯ ನಿಮ್ಮವ್ವನದು. ಯುಗಾದಿಯ ಹೊತ್ತಿಗೆ ರೊಟ್ಟಿ ಬಡಿಯುವುದು ಬಿಟ್ಟಳು. ಹೋಗಲಿ, ಸೊಸೆ ಸುಮನ್ ಇದ್ದಾಳಲ್ಲ ಎಂದೆ. ಆಮೇಲೆ ತುಂಬಿದ ತಂಬಿಗೆ ಎತ್ತಲಾಗಲಿಲ್ಲ. ಈಗ ನೆಲಕ್ಕೆ ಕುಳಿತರೆ ಏಳಲಾಗುವುದಿಲ್ಲ. ಒಂದು ದಿನ ಹಿಟ್ಟಿನ ಗಿರಣಿಯ ಮುಂದೆ, ಗಂಡಸರೆಲ್ಲ ನಿಂತಲ್ಲೇ, ಸೀರೆಯ ಗಂಟು ಸಡಿಲಾಗಿ ನಿರಿಗೆ ಜಾರಿತು. ಬಿಗಿದು ಕಟ್ಟುವ ಶಕ್ತಿ ಬೆರಳಲ್ಲಿ ಉಳಿದಿರಲಿಲ್ಲ. ಅಂದಿನಿಂದ ಅವಳು ಓಣಿಗೆ ಕಾಲಿಟ್ಟಿಲ್ಲ. ಸುಮನ್ ಪಾಪ, "ಅತ್ತಿ, ನಾ ಉಡಸ್ತೇನ್ರಿ" ಎಂದು ದಿನಾ ಕೇಳುತ್ತಾಳೆ. ಇವಳದು ಒಂದೇ ಹಟ, "ಸೊಸಿ ಮುಂದ ಬರಿಮೈಲೆ ನಿಂದ್ರಾಂಗಿಲ್ಲ."

ಹೀಗಾಗಿ ಬಾಗಿಲು ಹಾಕಿಕೊಂಡು ನಾನೇ ಉಡಿಸುತ್ತಿದ್ದೇನೆ. ನಗು, ಅಡ್ಡಿಯಿಲ್ಲ. "ಕಬ್ಬಿನ ಹೊರಿ ಕಟ್ಟಾಕತ್ತೀರೇನ್ರಿ?" ಎಂದು ಬೈಸಿಕೊಂಡು ಕಲಿತೆ. ಇಷ್ಟು ವರ್ಷ ಜೊತೆಗಿದ್ದರೂ ಅವಳ ಬೆನ್ನು ಇಷ್ಟು ಸಣ್ಣಗಾಗಿದ್ದು ನನಗೆ ಗೊತ್ತೇ ಇರಲಿಲ್ಲ. ಅಳು ಬಂತು. ಹಿಂದೆ ನಿಂತಿದ್ದೆ, ಅವಳಿಗೆ ಕಾಣಲಿಲ್ಲ.

ಹೋದ ವಾರ ಗೋಕಾಕಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಕೈಗೆ ಹಿಡಿತದ ಬಲ ಅಳೆಯುವ ಒಂದು ಹಿಡಿಕೆ ಕೊಟ್ಟು ಹಿಚುಕಿಸಿದರು, ಅದರ ಮುಳ್ಳು ಅಲುಗಾಡಿತು ಅಷ್ಟೇ. ಕೈ ಊರದೆ ಕುರ್ಚಿಯಿಂದ ಏಳಿರಿ ಎಂದರು, ಆಗಲಿಲ್ಲ. ಬಚ್ಚಲಿಗೆ ಏಳಬೇಕಾಗುತ್ತದೆಂದು ಇವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳಂತೆ, ಅದನ್ನು ಅವರೇ ಪತ್ತೆಹಚ್ಚಿದರು. ಸದಾ ಒಬ್ಬರ ಆಸರೆ ಬೇಕು, ಬಿದ್ದರೆ ಮತ್ತೆ ಎದ್ದು ಓಡಾಡುವುದು ಕಷ್ಟ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಬರುವಾಗ ಬಸ್ಸಿನಲ್ಲಿ ಅವಳು, "ನೀವು ಇರೂತನಕ ನನಗೇನ್ ಚಿಂತಿರಿ" ಎಂದಳು.

ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ಹೊಟ್ಟೆತುಂಬ ಉಣ್ಣು, ಗಟ್ಟಿಯಾಗಿರು ಮಗಳೇ.

ನಿನ್ನ ಅಪ್ಪ
ಅಲ್ಲಪ್ಪ

ತಾ.ಕ.: ಪೆನ್ನಿನದೇನೂ ತಪ್ಪಿಲ್ಲ. ಅಂದು ಡಾಕ್ಟರು ಆ ಹಿಡಿಕೆಯನ್ನು ನನ್ನ ಕೈಗೂ ಕೊಟ್ಟಿದ್ದರು. ಮುಳ್ಳು ಅವಳ ಕೈಯಲ್ಲಿ ಏರಿದಷ್ಟೂ ಏರಲಿಲ್ಲ. ಅವಳಿಗೆ ಹೇಳಿರಲಿಲ್ಲ. ಇಂದು ಬೆಳಿಗ್ಗೆ ನಾನು ಕಟ್ಟಿದ ಗಂಟು ಮತ್ತೆ ಮತ್ತೆ ಬಿಚ್ಚಿತು. ಅವಳು ನನ್ನ ಬೆರಳುಗಳನ್ನೇ ನೋಡಿದಳು. "ಸಾಕ್ ಬಿಡ್ರಿ, ನಾ ಎಲ್ಲಿಗಿ ಹೋಗಾಕಿ?" ಎಂದಳು. ಬೇಗ ಬಾ. ಸುಮನ್ ಕೈಯಿಂದ ಉಡಿಸಿಕೋ ಎಂದು ನೀನು ಹೇಳಿದರೆ ಕೇಳಿಯಾಳು. ಈಗ ಚಾದರ ಹೊದ್ದು ಮಲಗಿದ್ದಾಳೆ, ಸೀರೆ ಮಂಚದ ಮೇಲೆ ಹಾಗೇ ಬಿದ್ದಿದೆ.