ಮಸ್ಕತ್ ಅಮ್ಮ

ಜೂನ್ 9, ಸೋಮವಾರ. ಬೆಳಿಗ್ಗೆ

ಇವತ್ತೂ ಗಾಜಿನ ಕಪ್ಪು, ಸಾಸರ್. ನೆಂಟರಿಗೆ ಕೊಡುವಂಥದ್ದು. ಹುಟ್ಟಿದ ಮನೆಯಲ್ಲಿ! ಪದ್ಮಶ್ರೀ ಅತ್ತಿಗೆ ಟೀ ಇಟ್ಟು, ಮುಖ ನೋಡದೆ ಹೋದಳು. ಹಜಾರದಲ್ಲಿ ಕೂತು ಸಿಂಚನಾಗೆ ಜಡೆ ಹಾಕಿದಳು.

“ನಾನು ಹಾಕ್ಲಾ?” ಎಂದೆ.

“ನೋ ಥ್ಯಾಂಕ್ಸ್.” ತಿರುಗಲೂ ಇಲ್ಲ ನನ್ನ ಮಗಳು.

ನನ್ನ ಜೊತೆ ಇಂಗ್ಲಿಷೇ. ಕನ್ನಡವೆಲ್ಲ ಅವಳ ಅಮ್ಮನಿಗೆ. ಅಮ್ಮ ಅಂದರೆ ಅತ್ತಿಗೆ. ನಾನು ‘ಮಸ್ಕತ್ ಅಮ್ಮ’. ಬಸ್ಸಿಗೆ ಊರಿನ ಬೋರ್ಡು ಹಾಕಿದ ಹಾಗೆ.

ಎರಡು ವರ್ಷದ ಕೂಸನ್ನು ಬಿಟ್ಟು ಹೋದೆ, ನಿಜ. ಗಂಡ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ಸತ್ತಿದ್ದ. ನರ್ಸ್ ಕೆಲಸ ಸಿಕ್ಕಿದ್ದು ಮಸ್ಕತ್‌ನಲ್ಲಿ. ಹಾಸ್ಟೆಲ್ ರೂಮು, ಮಕ್ಕಳಿಗೆ ಜಾಗವಿಲ್ಲ. ಈಗ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿದೆ, ಕಾರ್ಕ್ ಅನ್ನುವ ಊರಲ್ಲಿ. ಅಲ್ಲಿ ಮಗಳನ್ನೂ ಇಟ್ಟುಕೊಳ್ಳಬಹುದು. ಹತ್ತು ವರ್ಷ ಕಾದಿದ್ದೇ ಇದಕ್ಕೆ.

ಇವರಿಗೆ ನಾನೇ ಕಳ್ಳಿ.

ಜೂನ್ 12

ಮಸ್ಕತ್‌ನ ರೂಮ್‌ಮೇಟ್ ಮೆಸೇಜ್ ಹಾಕಿದ್ದಾಳೆ. ನನ್ನ ಮಂಚಕ್ಕೆ ಹೊಸ ಹುಡುಗಿ ಬಂದಳಂತೆ. ಬಾಕ್ಸುಗಳು ಕಾರ್ಕ್‌ಗೆ ಹೊರಟವಂತೆ. ಅಲ್ಲಿ ಮುಗಿಯಿತು. ಮುಂದಿನದು ಶುರುವಾಗಿಲ್ಲ. ನಡುವೆ ನಮ್ಮೂರು ಈ ಮಧುರೆ, ಈ ಗಾಜಿನ ಕಪ್ಪು.

ಅವ್ವ ಹಿತ್ತಿಲಲ್ಲಿ ಸೊಪ್ಪು ಬಿಡಿಸುತ್ತ, ನನಗೆ ಕೇಳಿಸಲೆಂದೇ ಪಕ್ಕದ ಮನೆ ಪಾಪಕ್ಕನಿಗೆ ಹೇಳಿದಳು. “ಒಂದ್ ದೇಶ ಸಾಲ್ದು ಅಂತ ಇನ್ನೊಂದ್ ದೇಶುಕ್ ಒಂಟವ್ಳೆ. ಓಗ್ಲಿ. ಆ ಮಗೀನ್ಯಾಕೆ ಎಳ್ಕೊಂಡೋಯ್ತಾಳೆ?”

ಎದ್ದು ಹೋಗಿ ಹೇಳಿದೆ. “ನನ್ನ ಮಗಳವ್ವ. ನಾನ್ ಹೆತ್ತಿದ್ದು.”

“ಹೆತ್ತೆ ಕಣಮ್ಮ. ಹಸಾನೂ ಹೆರ್ತದೆ.”

ಪಾಪಕ್ಕ ನಕ್ಕಳು. ಅವ್ವನೂ ನಕ್ಕಳು. ನನ್ನ ಅವ್ವ!

ಜೂನ್ 21, ಶನಿವಾರ

ವೀಸಾ ಬಂತು. ಇಬ್ಬರದೂ. ಊಟದ ಹೊತ್ತಿಗೆ ಹೇಳಿದೆ. ಯಾರೂ ಮುದ್ದೆ ಮುರಿಯಲಿಲ್ಲ. ದೇವರಾಜಣ್ಣ ಸೋಂಪುರದ ಫ್ಯಾಕ್ಟರಿಯಿಂದ ಆಗಷ್ಟೇ ಬಂದಿದ್ದ, ಕೈ ಒರೆಸುತ್ತಲೇ ಇದ್ದ.

ಸಿಂಚನ ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು. “ನಾನ್ ಬರಲ್ಲ. ಕಬಡ್ಡೀಲಿ ತಾಲ್ಲೂಕ್ ಟೀಮಿಗೆ ಸೆಲೆಕ್ಟ್ ಆಗಿದೀನಿ. ನಿಂಗೆ ಗೊತ್ತಾ ಅದು?”

ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಆಮೇಲೆ ಅಡುಗೆಮನೆಯಲ್ಲಿ ಅತ್ತಿಗೆಯನ್ನು ಹಿಡಿದೆ. “ನೀವೇ ತಲೆ ತುಂಬ್ತಿರೋದು.”

“ತಲೆ ತುಂಬಕ್ಕೆ ಮುಂಚೆ ಹೊಟ್ಟೆ ತುಂಬಿಸ್ದೆ,” ಅಂದಳು. ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಚಿಕನ್‌ಪಾಕ್ಸ್ ಬಂದಾಗ ಬೇವಿನ್ ಸೊಪ್ಪಿನ್ ಮೇಲೆ ಮಲಗಿಸ್ಕೊಂಡು ಕೂತಿದ್ದೋಳು ನಾನು. ನೀನು ಅಲ್ಲಿ ಯಾರ್ ಮಕ್ಳಿಗ್ ಇಂಜೆಕ್ಷನ್ ಕೊಡ್ತಿದ್ಯೋ.”

ಮಕ್ಕಳ ವಾರ್ಡೇ ನನ್ನದು. ಅದು ಅವಳಿಗೆ ಗೊತ್ತು. ಗೊತ್ತಿದ್ದೇ ಹೇಳಿದ್ದು.

“ನಿಮಗೂ ಒಂದ್ ಮಗು ಆಗಿದ್ರೆ ಗೊತ್ತಾಗ್ತಿತ್ತು,” ಎಂದುಬಿಟ್ಟೆ.

ಅತ್ತಿಗೆಯ ಕೈ ನಿಂತಿತು. ಪಾತ್ರೆ ಹಾಗೇ ಬಿಟ್ಟು ಹೋದಳು. ನನ್ನನ್ನು ಬೈಯಬೇಕಿತ್ತು.

ಆಡಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಅವಳೂ ತೆಗೆದುಕೊಂಡಿಲ್ಲ.

ಜುಲೈ 3

ಎರಡು ವಾರ ಬರೆಯಲಿಲ್ಲ. ಬರೆದರೆ ಬೈಗುಳವೇ.

ಇವತ್ತು ಸಿಂಚನ ಸ್ಕೂಲಿಂದ ಬರಲಿಲ್ಲ. ಮನೆಯಲ್ಲಿ ಯಾರಿಗೂ ಗಾಬರಿಯಿಲ್ಲ — ಅಲ್ಲೇ ಗೊತ್ತಾಯಿತು. ಅವ್ವನನ್ನು ಗದರಿಸಿದ ಮೇಲೆ ಬಾಯಿ ಬಿಟ್ಟಳು. ನೆಲಮಂಗಲಕ್ಕೆ ಕಳಿಸಿದ್ದಾರೆ, ಅತ್ತಿಗೆಯ ತಾಯಿ ಕದಿರಮ್ಮನ ಮನೆಗೆ. ನಮ್ಮ ಫ್ಲೈಟ್ ಹೋಗುವ ತನಕ ಅಲ್ಲೇ ಇರಲಿ ಅಂತ.

ಆಟೋ ಮಾಡಿಕೊಂಡು ಹೋದೆ. ಹೈವೇ ಪಕ್ಕದ ಮನೆ. ಸಿಂಚನ ಜಗಲಿಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದಳು. ಕೈ ಹಿಡಿದೆ. ಕೊಸರಿಕೊಂಡಳು. ಕಬಡ್ಡಿ ಆಡಿದ ಕೈ, ಗಟ್ಟಿ. “ಯು ಆರ್ ನಾಟ್ ಮೈ ಮದರ್” ಎಂದು ರಸ್ತೆಗೆಲ್ಲ ಕೇಳುವಂತೆ ಕಿರುಚಿದಳು.

ಹೊಡೆದೆ. ಕೆನ್ನೆಗೆ.

ಅವಳು ಅಳಲಿಲ್ಲ. ಕನ್ನಡದಲ್ಲೇ ಕೇಳಿದಳು. “ಹಾಸ್ಪಿಟಲ್ ಮಕ್ಳಿಗೂ ಹೊಡೀತೀಯಾ?”

ಕದಿರಮ್ಮ ಅಡ್ಡ ಬಂದರು. ಅಷ್ಟರಲ್ಲಿ ಅಣ್ಣನ ಬೈಕಲ್ಲಿ ಅತ್ತಿಗೆಯೂ ಬಂದಳು. ಎಲ್ಲರೆದುರಿಗೇ ಹೇಳಿದೆ. ನಾಳೆ ಸ್ಟೇಷನ್ನಿಗೆ ಹೋಗುತ್ತೇನೆ. ಮಗು ಕದ್ದಿದ್ದಾರೆ ಎಂದು ಬರೆದುಕೊಡುತ್ತೇನೆ. ಪೊಲೀಸರೇ ಎತ್ತಿ ಕಾರಿಗೆ ಹಾಕಲಿ.

ಅಣ್ಣ, “ಬಾಯ್ಮುಚ್ಚೇ ಕೀರ್ತನ” ಎಂದ. ಅತ್ತಿಗೆ ಮಾತ್ರ ಮಗುವಿನ ಕೆನ್ನೆಯನ್ನೇ ನೋಡುತ್ತಿದ್ದಳು. ನನ್ನ ಬೆರಳು ಮೂಡಿತ್ತು.

ಜುಲೈ 7, ಸೋಮವಾರ

ಏನಾಯಿತೋ ಅರ್ಥವಾಗುತ್ತಿಲ್ಲ.

ಸ್ಟೇಷನ್ ಮಾತಿಗೆ ಹೆದರಿ ಅಣ್ಣ ಮಾರನೇ ಬೆಳಿಗ್ಗೆಯೇ ಸಿಂಚನಳನ್ನು ಮನೆಗೆ ಕರೆತಂದಿದ್ದ. ಇವತ್ತು ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದೆ. ಕೆಳಗೆ ಅತ್ತಿಗೆಯ ದನಿ. ಇಷ್ಟು ಜೋರಾಗಿ ಎಂದೂ ಕೇಳಿದ್ದಿಲ್ಲ. “ಸಾಕಾಗೋಗಿದೆ ನಂಗೆ! ಬೇರೆಯವ್ರ ಮಗೀನ ಎಷ್ಟ್ ದಿನ ಅಂತ ಸಾಕ್ಲಿ? ನಿಮ್ಮಮ್ಮ ಬಂದವ್ಳಲ್ಲ, ಹೋಗು. ನಾನೂ ಸ್ವಲ್ಪ ದಿನ ನೆಮ್ಮದಿಯಾಗಿರ್ತೀನಿ.”

“ಅಮ್ಮಾ...”

“ಅಮ್ಮ ಅನ್ಬೇಡ. ನಾನ್ ನಿನ್ ಅಮ್ಮ ಅಲ್ಲ.”

ಬಾಗಿಲು ದಡ್ ಎಂದಿತು. ನನಗೆ ಖುಷಿಯಾಯಿತು. ಇಲ್ಲಿ ಸುಳ್ಳು ಯಾಕೆ ಬರೆಯಲಿ. ಒದ್ದೆ ಟವೆಲ್ ಹಿಡಿದು ನಿಂತು ಖುಷಿಪಟ್ಟೆ.

ಸಂಜೆ ಸಿಂಚನ ತಾನೇ ಬಂದು ಕೇಳಿದಳು. “ಎಷ್ಟ್ ಕೆಜಿ ತಗೊಂಡೋಗ್ಬೋದು?”

ಜುಲೈ 9. ಏರ್‌ಪೋರ್ಟ್

ಗೇಟ್ ಹತ್ತಿರ ಕೂತಿದ್ದೇವೆ. ಅವಳು ಕಿಟಕಿ ಕಡೆ, ನಾನು ಈ ಕಡೆ.

ಹೊರಡುವಾಗ ಅತ್ತಿಗೆ ಹೊರಗೆ ಬರಲಿಲ್ಲ. ರೂಮಿಗೆ ಚಿಲಕ ಹಾಕಿಕೊಂಡಿದ್ದಳು. ಸಿಂಚನ ಆ ಬಾಗಿಲ ಕಡೆ ನೋಡಲೂ ಇಲ್ಲ, ಸೀದಾ ಕಾರು ಹತ್ತಿದಳು. ಅವ್ವ ಅವಳ ತಲೆ ಸವರಿದಳು. ನನ್ನನ್ನು ಮುಟ್ಟಲಿಲ್ಲ.

ದೇವನಹಳ್ಳಿ ದಾರಿಯಲ್ಲಿ ಅಣ್ಣ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ. ಸಿಂಚನ ಬಾತ್‌ರೂಮಿಗೆ ಹೋದಳು. ಅಣ್ಣ ನನ್ನ ಕಡೆ ತಿರುಗದೆ ಹೇಳಿದ.

“ಪದ್ಮ ಮೊನ್ನೆಯಿಂದ ಒಂದ್ ತುತ್ತು ತಿಂದಿಲ್ಲ. ಅವತ್ತು ಅಂಗಂದ್ಲಲ್ಲ, ಬೇಕೂಂತ್ಲೇ ಅಂದಿದ್ದು. ಪೊಲೀಸ್ನೋರು ಮಗೀನ ಎಳ್ಕೊಂಡೋಗೋದು ನೋಡಕ್ಕಾಗಲ್ಲ, ನನ್ ಮೇಲ್ ಕೋಪ ಬಂದ್ರೆ ತಾನಾಗೇ ಹೋಯ್ತದೆ ಅಂದ್ಲು.” ಬಾತ್‌ರೂಮಿನ ಕಡೆ ನೋಡಿದ. “ಫ್ಲೈಟ್ ಹತ್ತಕ್ ಮುಂಚೆ ಹೇಳ್ಬುಡು ಮಗೀಗೆ. ಅಷ್ಟ್ ಮಾಡು. ನಾನ್ ಹೇಳಿದ್ರೆ ಕಾರಿಂದಾನೇ ಇಳಿದ್ಬಿಡ್ತಾಳೆ.”

ಹೂಂ ಎಂದೆ.

ಚೆಕ್‌ಇನ್‌ನಲ್ಲಿ ಹೇಳಲಿಲ್ಲ. ಸೆಕ್ಯುರಿಟಿ ದಾಟಿದ ಮೇಲೂ ಹೇಳಲಿಲ್ಲ. ಜ್ಯೂಸ್ ಕೊಡಿಸಿದೆ, ಕುಡಿದಳು. ನನ್ನ ಶಾಲು ಕೊಟ್ಟೆ, ಹೊದ್ದುಕೊಂಡಳು. ಒಂದು ತಿಂಗಳಲ್ಲಿ ನನ್ನ ಕೈಯಿಂದ ಅವಳು ತೆಗೆದುಕೊಂಡ ಮೊದಲ ವಸ್ತುಗಳು.

ಈಗ ಕೇಳಿದಳು. ಕನ್ನಡದಲ್ಲಿ, ಮೆಲ್ಲಗೆ. “ಅತ್ತೆ ಹೇಳಿದ್ದು ನಿಜಾನಾ? ನಾನು ಹೊರೆ ಆಗಿದ್ನಾ ಅವ್ರಿಗೆ?”

ಅತ್ತೆ ಅಂದಳು.

“ನಿಜ,” ಎಂದೆ.

ತಲೆಯಾಡಿಸಿದಳು. ಸರಿದು ನನ್ನ ಭುಜಕ್ಕೆ ಒರಗಿದಳು. ಎಡಗೈ ಅವಳ ಕೆಳಗೆ ಸಿಕ್ಕಿದೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಕಣ್ಣೀರು ನನ್ನ ತೋಳಿಗೆ ತಾಗುತ್ತಿದೆ. ಆ ಕಣ್ಣೀರು ನನಗಾಗಿ ಅಲ್ಲ.

ಬೋರ್ಡಿಂಗ್ ಕರೆಯುತ್ತಿದ್ದಾರೆ. ಮಕ್ಕಳಿರುವವರು ಮೊದಲು ಬನ್ನಿ ಎನ್ನುತ್ತಿದ್ದಾರೆ. ಏಳಬೇಕು. ಇನ್ನೂ ಹೊತ್ತಿದೆ, ಈಗಲೂ ಹೇಳಿದರೆ ಅವಳು ಎದ್ದು ಅತ್ತಿಗೆಯ ಆ ಬಾಗಿಲ ಕಡೆ ಓಡಿಬಿಡುತ್ತಾಳೆ. ಪೆನ್ನು ಮುಚ್ಚುತ್ತೇನೆ.