ಕೊತ್ತಂಬರಿ ಕಟ್ಟಿನ ಬಡ್ಡಿ

ಗಂಗಾವತಿ,
೧೨ ಡಿಸೆಂಬರ್ ೨೦೦೪, ಭಾನುವಾರ

ಪ್ರೀತಿಯ ಮಗ ಗವಿಸಿದ್ದೇಶನಿಗೆ,

ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಈ ಥಂಡಿಯಲ್ಲಿ ಮುಂಜಾನೆ ಪರೇಡಿಗೆ ಹೋಗುವಾಗ ನಾನು ಕೊಟ್ಟ ಮಫ್ಲರ್ ಸುತ್ತಿಕೊಳ್ಳುತ್ತೀಯೋ, ಪೊಲೀಸ್ ಟೋಪಿಯ ಕೆಳಗೆ ಅದು ಚೆಂದ ಕಾಣುವುದಿಲ್ಲವೆಂದು ಟ್ರಂಕಿನಲ್ಲೇ ಇಟ್ಟಿದ್ದೀಯೋ? ಅಂಜಲಿಗೆ ನಾಲ್ಕನೇ ತಿಂಗಳು ಬಿದ್ದಿತಲ್ಲ, ಇಷ್ಟೊತ್ತಿಗೆ ವಾಂತಿ ನಿಂತಿರಬೇಕು. ಮರಳಿ ಊರಿನ ಹುಡುಗರ ಕೈಯಲ್ಲಿ ಅವಳಿಗಾಗಿ ಹುಣಸೆ ತೊಕ್ಕು ಕಳಿಸಿದ್ದೇನೆ. ಅವಳಿಗಾಗಿ ಎಂದರೆ ಅವಳಿಗಾಗಿ, ನೀನು ರೊಟ್ಟಿಗೆ ಹಚ್ಚಿಕೊಂಡು ಎರಡು ದಿನದಲ್ಲಿ ಡಬ್ಬಿ ತೊಳೆದಿಡಬೇಡ. ನಾನು ಆರಾಮವಾಗಿದ್ದೇನೆ. ಮೊಣಕಾಲು ನೋವಿಲ್ಲವೆಂದರೆ ಸುಳ್ಳಾಗುತ್ತದೆ, ಇದೆ ಎಂದರೆ ನೀನು ಮತ್ತೆ 'ಬಜಾರಕ್ಕ ಹೋಗೋದು ಬಿಡವ್ವ' ಎಂದು ಶುರು ಮಾಡುತ್ತೀ. ಮೊಣಕಾಲಿನ ಸುದ್ದಿ ಇಲ್ಲಿಗೇ ಸಾಕು.

ಇವತ್ತು ಅಮಾವಾಸ್ಯೆ, ರೊಕ್ಕ ಕೊಡುವುದು ತರುವುದು ಏನೂ ಇಲ್ಲ, ಅದಕ್ಕೇ ಕೂತು ಬರೆಯಲು ಪುರುಸೊತ್ತಾಯಿತು. ಅಂಗಡಿಯ ಕಾಯಿನ್ ಬಾಕ್ಸಿನಿಂದ ಫೋನ್ ಮಾಡಬಹುದಿತ್ತು. ಆದರೆ ನಾನು ಬಾಯಿ ತೆರೆಯುವುದರೊಳಗೆ ನೀನು 'ಡ್ಯೂಟಿ ಮ್ಯಾಲ ಅದೀನವ್ವ' ಅನ್ನುತ್ತೀ, ಆಮೇಲೆ ರೂಪಾಯಿಯೂ ಹೋಗುತ್ತದೆ, ಮಾತೂ ಹೋಗುತ್ತದೆ. ದೀಪಾವಳಿಯಲ್ಲಿ ತಟ್ಟೆ ಬಿಟ್ಟು ಎದ್ದು ಹೋದ ಮೇಲೆ ನೀನು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕುವಂತಿಲ್ಲ, ಪೂರ್ತಿ ಓದಲೇಬೇಕು. ಅವ್ವ ಪುಸ್ತಕದ ಭಾಷೆ ಬರೆಯುತ್ತಾಳೆಂದು ಅಂಜಲಿಗೆ ತೋರಿಸಿ ನಗಬೇಡ. ಏಳನೆಯ ತರಗತಿಯಲ್ಲಿ ನಮ್ಮ ಮಾಸ್ತರರು ಕಾಗದ ಬರೆಯುವುದನ್ನು ಹೀಗೆಯೇ ಕಲಿಸಿದ್ದರು.

ಅವತ್ತು ನಮ್ಮ ಜಗಳ ಎಲ್ಲಿಂದ ಶುರುವಾಯಿತೆಂಬುದು ನಿನಗೆ ನೆನಪಿದೆ. ಮೀಟರ್ ಬಡ್ಡಿಯವರನ್ನು ಹಿಡಿಯಲು ಸರಕಾರ ಹೊಸ ಕಾಯ್ದೆ ತಂದಿದೆ, ಜಿಲ್ಲೆಯ ಜನರ ಅರ್ಜಿ ತೆಗೆದುಕೊಳ್ಳುವ ಮೇಜಿಗೆ ಸಾಹೇಬರು ನನ್ನನ್ನೇ ಕೂರಿಸಿದ್ದಾರೆ ಎಂದು ನೀನು ಹೋಳಿಗೆ ಮುರಿಯುತ್ತಾ ಹೇಳಿದೆ. ನನಗೆ ಹೆಮ್ಮೆಯಾಯಿತು. ಮರುಗಳಿಗೆಯಲ್ಲೇ ನೀನು ಬೆರಳು ಮಡಚಿ ನನ್ನ ಬಡ್ಡಿಯ ಲೆಕ್ಕ ಹಾಕತೊಡಗಿದೆ: 'ದಿನಾ ನೂರಕ್ಕ ಐದು ಅಂದ್ರ ವರ್ಷಕ್ಕ ಅಸಲಿನ ಹದಿನೆಂಟು ಪಟ್ಟು ಆಕ್ಕೈತಿ, ಯವ್ವಾ. ಯಾವ ಸಾವುಕಾರನೂ ಹಂಗ ತಗೋಳಂಗಿಲ್ಲ.' ನನಗೆ ಸಿಟ್ಟು ನೆತ್ತಿಗೇರಿತು. ಕೊತ್ತಂಬರಿ ಕಟ್ಟಿನ ಆಯುಷ್ಯವೇ ಒಂದು ದಿನ, ಅದರ ಬಡ್ಡಿಗೆ ವರ್ಷದ ಲೆಕ್ಕ ಹಾಕುವವನು ಎಂಥ ಜಾಣ? ನಸುಕಿನಲ್ಲಿ ಕಾಯಿಪಲ್ಯೆ ಸವಾಲು ಕೂಗಿ ಹರಾಜಾಗುವಾಗ ಸೊಪ್ಪು ಮಾರುವ ಹೆಣ್ಣುಮಕ್ಕಳ ಸೆರಗಿನಲ್ಲಿ ರೊಕ್ಕ ಇರುವುದಿಲ್ಲ. ನಾನು ಕೊಟ್ಟ ನೂರರಲ್ಲಿ ಪುಂಡಿ, ಮೆಂತ್ಯ, ಕೊತ್ತಂಬರಿ ಹಿಡಿದು ಓಣಿ ಓಣಿ ತಿರುಗಿ ಮಾರುತ್ತಾರೆ, ಸಂಜೆ ನೂರೈದು ತಂದುಕೊಟ್ಟು ಮಿಕ್ಕಿದ್ದರಲ್ಲಿ ಜೋಳ ಕೊಂಡು ಮನೆಗೆ ಹೋಗುತ್ತಾರೆ. ಮಾರಾಟವಾಗದ ದಿನ ನಾನು ಬಡ್ಡಿ ಬಿಟ್ಟಿದ್ದೂ ಉಂಟು. ಬೇಕಾದವರು ತಗೊಳ್ಳಲಿ, ಬೇಡವಾದವರು ಬಿಡಲಿ, ಉಪ್ಪು ತಿಂದವರು ನೀರು ಕುಡಿಯಬೇಕು, ಇದರಲ್ಲಿ ನಿನ್ನ ಸರಕಾರಕ್ಕೇನು ಕೆಲಸ ಎಂದೆ. ನಿನ್ನ ಅಪ್ಪ ಹೋದ ಮೇಲೆ ನಿನ್ನನ್ನು ಓದಿಸಿದ್ದೂ ಟ್ರೇನಿಂಗಿಗೆ ಬೂಟು ಕೊಡಿಸಿದ್ದೂ ಅದೇ ಐದೈದು ರೂಪಾಯಿ ಎಂದೂ ಅಂದೆ. ಅಷ್ಟಕ್ಕೆ ನೀನು ಎದ್ದೆ. ಹೋಳಿಗೆ ಅರ್ಧ ಉಳಿದಿತ್ತು, ನನಗೆ ಇವತ್ತಿಗೂ ಅದರದೇ ಸಂಕಟ.

ಈಗ ಫಕೀರಮ್ಮನ ಸುದ್ದಿ ಕೇಳು. ನೀನು ಸಣ್ಣವನಿದ್ದಾಗ ನಿನ್ನ ಚಡ್ಡಿ ಕಿಸೆಗೆ ಬಟಾಣಿ ತುಂಬುತ್ತಿದ್ದಳಲ್ಲ, ಹಿಂದಿನ ಓಣಿಯ ತರಕಾರಿ ಫಕೀರಮ್ಮ, ಅವಳೇ. ತಲೆಯ ಮೇಲೆ ಬುಟ್ಟಿ ಹೊತ್ತು ಮಾರುತ್ತಿದ್ದವಳು ಹೋದ ವರ್ಷ ಒಂದು ತಳ್ಳುಗಾಡಿ ಮಾಡಿಕೊಂಡಿದ್ದಳು. ದೀಪಾವಳಿಯ ಮುಂದಿನ ಶುಕ್ರವಾರ ಸಂಜೆ ಓಡುತ್ತಾ ಬಂದಳು. ಮಗಳಿಗೆ ಹೆರಿಗೆ ಕಷ್ಟವಾಗಿದೆ, ಆಸ್ಪತ್ರೆಯಲ್ಲಿ ಈಗಲೇ ಎರಡು ಸಾವಿರ ಕಟ್ಟು ಅನ್ನುತ್ತಿದ್ದಾರೆ, ಕೊಡು ಯಕ್ಕಾ ಎಂದಳು. ನಾನು ಆಗತಾನೇ ಲಕ್ಷ್ಮಿಯ ಮುಂದೆ ದೀಪ ಹಚ್ಚಿ ಕೈ ಮುಗಿದು ಎದ್ದಿದ್ದೆ. ಶುಕ್ರವಾರ ದೀಪ ಹಚ್ಚಿದ ಮೇಲೆ ಈ ಮನೆಯಿಂದ ರೊಕ್ಕ ಹೊರಗೆ ಹೋಗುವುದಿಲ್ಲ, ನಿನ್ನ ಅಜ್ಜಿಯ ಕಾಲದಿಂದಲೂ ಹಾಗೆಯೇ. ಅದು ಅವಳಿಗೂ ಗೊತ್ತು. 'ನಸುಕಿನಾಗ ಬಾರವ್ವ, ಕೋಳಿ ಕೂಗೂದ್ರಾಗ ಕೊಡ್ತೀನಿ' ಎಂದೆ. ಅವಳು ಹೊಸ್ತಿಲಿಗೆ ಕೈ ಮುಗಿದು ಹೋದಳು. ನಾನೂ ನನ್ನ ಪಾಡಿಗೆ ರೊಟ್ಟಿ ಬಡಿಯಲು ಕೂತೆ.

ನಸುಕಿನಲ್ಲಿ ಅವಳು ಬರಲಿಲ್ಲ. ಯಾರಾದರೂ ಕೊಟ್ಟಿರಬೇಕು, ಒಳ್ಳೆಯದೇ ಆಯಿತು ಎಂದುಕೊಂಡೆ. ಕೊಟ್ಟವನು ಬಸ್ ಸ್ಟ್ಯಾಂಡಿನ ಹಿಂದೆ ಚೀಟಿ ಅಂಗಡಿ ಇಟ್ಟುಕೊಂಡಿರುವ ವೆಂಕೋಬ. ಅವನ ಬಡ್ಡಿ ಹೇಗೆಂದು ನಿನಗೆ ನಾನು ಹೇಳಬೇಕಿಲ್ಲ: ಹೇಳಿದ ಹೊತ್ತಿಗೆ ಕೊಡದಿದ್ದರೆ ಬಡ್ಡಿಯೂ ಅಸಲಿಗೆ ಸೇರಿ, ಆಟೋದ ಮೀಟರಿನ ಹಾಗೆ ನಿಂತಲ್ಲೇ ಓಡುತ್ತದೆ. ಬಾಣಂತಿ ಮಗಳನ್ನು ಬಿಟ್ಟು ಫಕೀರಮ್ಮ ವಾರಪೂರ್ತಿ ವ್ಯಾಪಾರಕ್ಕೆ ಬರಲಿಲ್ಲ. ಬಂದ ದಿನವೇ ಅವನ ಜನ ತಳ್ಳುಗಾಡಿ, ತಕ್ಕಡಿ ಎರಡನ್ನೂ ಎಳೆದುಕೊಂಡು ಹೋದರು. ಅಷ್ಟೂ ಸಾಲದೆಂದು ಒಬ್ಬ ಬಂದು ಅವಳ ಮನೆಯ ಕಟ್ಟೆಯ ಮೇಲೆ ಕೂರುತ್ತಾನೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಸುಮ್ಮನೆ ಬೀಡಿ ಸೇದುತ್ತಾನೆ. ಬಾಣಂತಿ ಹಿತ್ತಲಿಗೆ ಹೋಗಬೇಕೆಂದರೂ ಅವನ ಮುಂದೆಯೇ ದಾಟಿ ಹೋಗಬೇಕು. ಇದನ್ನೆಲ್ಲ ಫಕೀರಮ್ಮ ನನಗೆ ಹೇಳಲಿಲ್ಲ, ನಾನೇ ಕೂಸು ನೋಡಲು ಹೋದಾಗ ಕಣ್ಣಾರೆ ಕಂಡೆ. ಕೂಸು ಹೆಣ್ಣು, ದುಂಡಗೆ ಛಲೋ ಇದೆ. ಅದನ್ನು ತೊಡೆಯ ಮೇಲೆ ಹಾಕಿಕೊಂಡಾಗ ನನಗೆ ಅಳು ತಡೆಯಲಾಗಲಿಲ್ಲ.

ಅಲ್ಲಿಂದ ನೇರವಾಗಿ ವೆಂಕೋಬನ ಅಂಗಡಿಗೆ ಹೋದೆ. ಕುರ್ಚಿ ಹಾಕಿಸಿದ, ಚಹಾ ತರಿಸಿದ. ಅಸಲನ್ನು ನಾನು ಕೊಡುತ್ತೇನೆ, ಬಡ್ಡಿ ಬಿಟ್ಟು ಗಾಡಿ ಕೊಡಪ್ಪಾ ಎಂದೆ. ಅವನು ನಗುತ್ತಾ ಹೇಳಿದ: 'ಕಳಕಮ್ಮಾರ, ನಾ ಏನ್ ಅಕಿ ಕೈ ಹಿಡದು ಎಳಕೊಂಡು ಬಂದಿದ್ನೇನ್ರಿ? ತಾನ ಬಂದಾಳ, ತಾನ ತಗೊಂಡಾಳ. ಉಪ್ಪು ತಿಂದ ಮ್ಯಾಲ ನೀರು ಕುಡೀಬೇಕಲ್ರಿ.' ದೀಪಾವಳಿಯ ದಿನ ನಿನಗೆ ನಾನು ಅಂದ ಮಾತು ಅವನ ಬಾಯಲ್ಲಿ ಕೇಳಿ ನಾನು ಚಹಾ ಕೆಳಗಿಟ್ಟೆ. ಕಾಯ್ದೆ ಬಂದಿದೆ ಗೊತ್ತೇನು ಎಂದು ಹೆದರಿಸಲು ನೋಡಿದೆ. ಅದಕ್ಕೂ ಅವನು ಸಿಟ್ಟಾಗಲಿಲ್ಲ. 'ಬರ್ಲಿ ಬಿಡ್ರಿ. ನೀವು ಐದು ತಗೋತೀರಿ, ನಾ ಹತ್ತು ತಗೋತೀನಿ. ಕಾಯ್ದೆ ನನ್ನ ಅಂಗಡಿಗೆ ಬರೋ ಮುಂಚೆ ನಿಮ್ಮ ಮನಿ ದಾಟಿ ಬರಬೇಕು. ಪೊಲೀಸಪ್ಪನ ಅವ್ವನ ಮನಿ ಅದು, ಅಲ್ಲಿ ಬರಂಗಿಲ್ಲ. ನಿಮ್ಮ ಪುಣ್ಯದಾಗ ನಾನೂ ಆರಾಮ ಅದೀನಿ' ಎಂದ. ಏಳುವಾಗ ಬಾಗಿಲವರೆಗೂ ಬಂದು ಕಳಿಸಿಕೊಟ್ಟ.

ಆವತ್ತಿನಿಂದ ಊಟ ಸೇರುತ್ತಿಲ್ಲ, ಗವೀ. ನಾನು ಸೋತೆನೆಂದು ಹಿಗ್ಗಬೇಡ, ನಿನ್ನ ಕಾಯ್ದೆಯ ಮೇಲೆ ನನಗೆ ಇನ್ನೂ ತಕರಾರಿದೆ. ನಾನೂ ವೆಂಕೋಬನೂ ನಾಳೆಯಿಂದ ಕೈ ಕಟ್ಟಿ ಕೂತರೆ ನಸುಕಿನಲ್ಲಿ ಆ ಹೆಣ್ಣುಮಕ್ಕಳಿಗೆ ಯಾರು ಕೊಡುತ್ತಾರೆ? ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಸವಾಲು ಮುಗಿದು ಸೊಪ್ಪು ಬಾಡಿರುತ್ತದೆ. ಬೇಲಿ ಹಾಕುವವರು ಓಡಾಡಲು ದಾರಿಯನ್ನೂ ಬಿಡಬೇಕೆಂದು ನಿಮ್ಮ ಸಾಹೇಬರಿಗೆ ಹೇಳು. ಆದರೆ ಬೇಲಿಯೇ ಬೇಡ ಎಂಬ ಮಾತನ್ನು ನಾನು ಬಿಟ್ಟಿದ್ದೇನೆ. ಮಗಳು ಹೆರಿಗೆಯಲ್ಲಿ ನರಳುವಾಗ ತಾಯಿ ಬಡ್ಡಿ ಎಷ್ಟೆಂದು ಕೇಳುವುದಿಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಅವಳಿಗೆ ಬುದ್ಧಿ ಹೇಳುವವರ ನಾಲಿಗೆ ಸೇದಿ ಹೋಗಲಿ. ನಾನು ಒಳ್ಳೆಯವಳೆಂದು ಬಜಾರದಲ್ಲಿ ಹೆಸರು. ಆ ಒಳ್ಳೆಯತನ ಶುಕ್ರವಾರ ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತದೆ. ಅಂಥದ್ದನ್ನು ನೆಚ್ಚಿಕೊಂಡು ಬಡವರು ಬದುಕುವಂತಾಗಬಾರದು. ಇಷ್ಟು ನಿನಗೆ ಹೇಳಬೇಕಿತ್ತು, ಹೇಳಿದೆ.

ಅಂಜಲಿಗೆ ಭಾರ ಎತ್ತಬೇಡವೆಂದು ಹೇಳು, ನಲ್ಲಿಯಿಂದ ಕೊಡ ನೀನು ತಾ, ಕಾನ್‌ಸ್ಟೇಬಲ್ ನೀರು ಹೊತ್ತರೆ ಪಟ್ಟಿ ಉದುರುವುದಿಲ್ಲ. ಮನೆಯ ಮಾಲೀಕರಿಗೂ ಅವರ ತಾಯಿಗೂ ನನ್ನ ನಮಸ್ಕಾರ ತಿಳಿಸು. ಗವಿಮಠದ ಅಜ್ಜನ ಆಶೀರ್ವಾದ ನಿಮ್ಮ ಮೂರೂ ಜನರ ಮೇಲಿರಲಿ. ಹುಟ್ಟದ ಕೂಸನ್ನೂ ಸೇರಿಸಿಯೇ ಮೂರು ಎಂದೆ.

ನಿನ್ನ ಅವ್ವ,
ಕಳಕಮ್ಮ

ತಾ.ಕ.: ಅಂಚೆ ಡಬ್ಬಿಗೆ ಹಾಕಲು ಹೊರಟವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಗುರುವಾರ ಫಕೀರಮ್ಮ ನಿನ್ನ ಮೇಜಿಗೆ ಅರ್ಜಿ ತರುತ್ತಾಳೆ. ಹೆಬ್ಬೆಟ್ಟು ಅವಳದು, ಬರಹ ನನ್ನದು. ಬಡ್ಡಿ ತಗೊಳ್ಳುವವರು ಎಂಬಲ್ಲಿ ಮೊದಲು ನನ್ನ ಹೆಸರಿದೆ, ಆಮೇಲೆ ವೆಂಕೋಬನದು. 'ಬ್ಯಾಡ ಯಕ್ಕಾ' ಎಂದು ಅವಳು ನನ್ನ ಕೈ ಹಿಡಿದುಕೊಂಡಳು, ಬಿಡಿಸಿಕೊಂಡು ಬರೆದೆ. ನನ್ನದನ್ನು ಬಿಟ್ಟರೆ ಅವನದೂ ನಿಲ್ಲುವುದಿಲ್ಲ. ಅರ್ಜಿಯನ್ನು ನೀನೇ ತೆಗೆದುಕೋ, ಬೇರೆಯವರ ಮೇಜಿಗೆ ಸರಿಸಬೇಡ. ಈ ಕಳಕಮ್ಮ ಯಾರು ಎಂದು ಸಾಹೇಬರು ಕೇಳಿದರೆ 'ನಮ್ಮವ್ವರಿ' ಅನ್ನು, ಮಗನೇ, ತಲೆ ತಗ್ಗಿಸದೆ ಅನ್ನು.