ಒಬ್ಬ ಮಗ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು

ರೇಡಿಯೊ ಕಚೇರಿ, ಮೂರನೆಯ ಮಹಡಿ
ಮಂಗಳವಾರ, ಮಾರ್ಚ್ ೧೧

ಅಣ್ಣನಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಗೀಟು ನಿನಗೆ ಕಾಣಲಿ ಎಂದೇ ಬೇರೆ ಹಾಳೆ ತೆಗೆದುಕೊಳ್ಳಲಿಲ್ಲ. ನಿನ್ನ ಮಂಡಿನೋವು ಹೇಗಿದೆ? ವಾಸಿಯಾಗಿದ್ದರೆ ಸಂತೋಷ, ಆಗಿರದಿದ್ದರೆ ನನಗೇನೂ ನಿದ್ದೆ ಕೆಡುವುದಿಲ್ಲ. ಅತ್ತಿಗೆ, ಮಕ್ಕಳು ಚೆನ್ನಾಗಿರಲಿ. ಪಾಪ, ಅವರೇನು ಮಾಡಿದರು?

ಕಟ್ಟಿಕೊಂಡವನು ಈ ದೇಶಕ್ಕೆ ಕರೆತಂದು ಎರಡೇ ವರ್ಷಕ್ಕೆ ಕೈಬಿಟ್ಟಾಗ ನೀನು ಹೇಳಿದ್ದು ನೆನಪಿದೆಯಾ? “ವಾಪಸ್ ಬಾ, ಎಲ್ಲೋ ಒಂದು ಮೂಲೇಲಿ ಬಿದ್ದಿರು.” ನಾನು ಬರಲಿಲ್ಲ. ಹೋಟೆಲಿನ ನೆಲಮಾಳಿಗೆಯಲ್ಲಿ ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದೆ. ಭಾನುವಾರ ಬೆಳಿಗ್ಗೆ, ಸದ್ದು ತಡೆಯಲು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಗೂಡಿನಂಥ ಕೋಣೆಯಲ್ಲಿ ಕೂತು ಇಲ್ಲಿನ ನಮ್ಮ ಜನಕ್ಕೆ ಅರ್ಧ ಗಂಟೆ ಊರ ಸುದ್ದಿ ಓದಿದೆ. ಆ ಅರ್ಧ ಗಂಟೆಯೇ ಈಗ ಎರಡು ರೇಡಿಯೊ, ಒಂದು ಟೀವಿ ಚಾನೆಲ್ಲು ಆಗಿದೆ. ನಲವತ್ತು ಜನ ನನ್ನನ್ನು ಮೇಡಂ ಅನ್ನುತ್ತಾರೆ. ನೀನು ಮಾತ್ರ ನೆಂಟರ ಮುಂದೆಲ್ಲ “ಬಾಯಿ ಮಾರ್ಕೊಂಡು ಬದುಕೋಳು ನಮ್ಮನೆಯವಳಲ್ಲ” ಎಂದು ಹೇಳಿಕೊಂಡು ತಿರುಗಿದೆ. ತಿರುಗು, ನನಗೇನು ನಷ್ಟ ಎಂದು ಸುಮ್ಮನಿದ್ದೆ.

ಆದರೆ ಹೋದ ತಿಂಗಳು ನೀನು ಮಾಡಿದ್ದನ್ನು ಶತ್ರುವೂ ಮಾಡುವುದಿಲ್ಲ. ಊರಿನ ಸಾವಿಗೆ ಹೋಗಲಾಗದವರಿಗೋಸ್ಕರ ನಾನು ದಿನಾ ಬೆಳಿಗ್ಗೆ ಸಾವಿನ ಪ್ರಕಟಣೆ ಓದುತ್ತೇನೆ. ಮೊದಲೇ ಓದಿಕೊಂಡರೆ ದನಿ ನಾಟಕ ಆಡುತ್ತದೆ ಎಂದು ಹಾಳೆಯನ್ನು ಮೈಕಿನ ಮುಂದೆಯೇ ಬಿಡಿಸುವುದು ನನ್ನ ಪದ್ಧತಿ. ಇದು ನಿನಗೆ ಗೊತ್ತಿತ್ತು. ಅಪ್ಪನಿಗೆ ಫೋನಿನಲ್ಲಿ ಜಂಬ ಕೊಚ್ಚಿಕೊಂಡಾಗ ನೀನು ಪಕ್ಕದಲ್ಲೇ ಇದ್ದೆ. ಅಪ್ಪ ತೀರಿಕೊಂಡು ಹನ್ನೊಂದು ದಿನವಾದ ಮೇಲೆ, ನನಗೊಂದು ಮಾತೂ ತಿಳಿಸದೆ, ಯಾರೋ ಕೇಳುಗನ ಹಾಗೆ ಕಚೇರಿಗೆ ಪ್ರಕಟಣೆ ಕಳಿಸಿದೆಯಲ್ಲೋ! “ನಿವೃತ್ತ ಪೋಸ್ಟ್ ಮಾಸ್ಟರ್, ಎಂಬತ್ತೊಂದು ವರ್ಷ” ಎಂದು ಓದಿದೆ. ಮುಂದಿನ ಪದ ಅಪ್ಪನ ಹೆಸರು. ಸಾವಿರಾರು ಜನ ಕೇಳುತ್ತಿದ್ದರು, ನಿಲ್ಲಿಸಲಾಗಲಿಲ್ಲ. “ಮೃತರು ಪತ್ನಿ, ಒಬ್ಬ ಮಗ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳನ್ನು ಅಗಲಿದ್ದಾರೆ.” ನಾನಿಲ್ಲದ ಆ ವಾಕ್ಯವನ್ನು ನನ್ನ ಬಾಯಿಂದಲೇ ಓದಿಸಿದೆ. ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಮ್ಮಲ್ಲಿ ಪ್ರಕಟಣೆ ತಪ್ಪಿದ್ದರೆ ಮನೆಯವರು ಫೋನ್ ಮಾಡಿ ತಿದ್ದಿಸಬಹುದು; ಮರುದಿನ ಇಡೀ ಪ್ರಕಟಣೆ ಮತ್ತೆ ಓದುತ್ತೇವೆ. ನಾನೇ ತಿದ್ದಬಹುದಿತ್ತು. ಅಷ್ಟರಲ್ಲಿ ನಿನ್ನ ಮೆಸೇಜು ಬಂತು: “ಅಮ್ಮಂಗೆ ನಿನ್ನ ಜೊತೆ ಮಾತಾಡೋಕೆ ಇಷ್ಟ ಇಲ್ಲ, ಫೋನ್ ಮಾಡ್ಬೇಡ.” ಕೈ ಕಟ್ಟಿಹಾಕಿದಂತಾಯಿತು. ಅಮ್ಮನಿಗೇ ನಾನು ಬೇಡವಾಗಿದ್ದರೆ ತಿದ್ದಲು ನಾನ್ಯಾರು? ಅದೊಂದು ನಿಜವಾ ಹೇಳು. ನಿನ್ನ ಮಾತಿನಲ್ಲಿ ಬೇಡ. ಫೋನನ್ನು ಅಮ್ಮನ ಕೈಗೆ ಕೊಡು, ಅವಳೇ ಬೈಯಲಿ.

ಮಕ್ಕಳಿಗೆ ನನ್ನ ಆಶೀರ್ವಾದ, ಅತ್ತಿಗೆಗೆ ನಮಸ್ಕಾರ. ನಿನಗೆ ಏನೂ ಇಲ್ಲ.

ಇತಿ,
ನೀನು ಒಪ್ಪಿದರೂ ಬಿಟ್ಟರೂ ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಈಗ ಬಂದದ್ದು. ಲಕೋಟೆ ಅಂಟಿಸುವಷ್ಟರಲ್ಲಿ ಫೋನ್ ನೋಡಿಕೊಳ್ಳುವ ಹುಡುಗಿ ಚೀಟಿ ಹಿಡಿದು ಓಡಿಬಂದಳು. ನಿಮ್ಮ ಎದುರುಮನೆ ಟೈಲರಮ್ಮನ ಫೋನಿನಿಂದ ಯಾರೋ ವಯಸ್ಸಾದ ಹೆಂಗಸು ತಿದ್ದುಪಡಿ ಬರೆಸಿದರಂತೆ. ಅದೇ ಫೋನಿನಲ್ಲಿ ನಮ್ಮ ರೇಡಿಯೊ ಹಾಕಿಸಿಕೊಂಡು, ನಾನು ದಿನಾ ಹೇಳುವ ನಂಬರನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರಂತೆ. “ಹೋದೋರಿಗೆ ಒಬ್ಬಳು ಮಗಳೂ ಇದ್ದಾಳೆ. ನಿಮ್ಮಲ್ಲಿ ಓದೋಳೇ ಅವಳು. ಸೇರಿಸ್ಕೊಳ್ಳಿ.” ನಾಳೆ ಬೆಳಿಗ್ಗೆ ಓದುತ್ತೇನೆ, ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಎಲ್ಲರೂ ಕೇಳಿಯಾಗಿರುತ್ತದೆ. ಎಲ್ಲಿ ಸೇರಿಸಲಿ ಅಜ್ಜಿ ಎಂದು ಹುಡುಗಿ ಕೇಳಿದ್ದಕ್ಕೆ ಅಮ್ಮ ಅಂದಳಂತೆ, “ಮಗನಿಗಿಂತ ಮೊದಲು.”